ತಾತ್ಕಾಲಿಕ ಸೂರಿನ ದೀರ್ಘ ಕಾಲ

ಯುದ್ಧ, ಜನಾಂಗೀಯ ಹಿಂಸೆ, ಪ್ರವಾಹ ಅಥವಾ ಭೂಕಂಪದಿಂದ ಮನೆಮಠ ಕಳೆದುಕೊಂಡವರಿಗೆ ಮೊದಲ ದಿನಗಳಲ್ಲಿ ದೊರೆಯುವ ನೆಲೆಯನ್ನು ತುರ್ತು ಆಶ್ರಯ ಎನ್ನುತ್ತಾರೆ. ಅನ್ನ, ನೀರು ಮತ್ತು ಔಷಧಗಳ ಜೊತೆಗೆ ಅದೂ ಜೀವ ಉಳಿಸುವ ನೆರವೆಂದೇ ಎಣಿಕೆಯಾಗುತ್ತದೆ. ಏಕೆಂದರೆ ಮಳೆಯಲ್ಲಿ ನೆನೆದು ಚಳಿಯಲ್ಲಿ ನಡುಗುವ ಮಗುವಿಗೆ ಕೊಟ್ಟ ಆಹಾರ ಮೈಗೆ ಹತ್ತುವುದಿಲ್ಲ, ಬಾಗಿಲಿಲ್ಲದ ಕಡೆ ಮಲಗುವ ಹೆಣ್ಣುಮಗಳಿಗೆ ರಾತ್ರಿಯ ಭಯ ಹಗಲಿನ ಹಸಿವಿಗಿಂತ ಕಡಿಮೆಯದಲ್ಲ. ಆದರೂ ಅನ್ನಕ್ಕೂ ಆಶ್ರಯಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಕ್ಕಿಯನ್ನು ಹಡಗಿನಲ್ಲಿ ತಂದು ಹಂಚಬಹುದು, ಸೂರನ್ನು ಮಾತ್ರ ಎಲ್ಲಾದರೂ ಒಂದು ನೆಲದ ಮೇಲೆಯೇ ಕಟ್ಟಬೇಕು. ಆ ನೆಲ ಯಾರದು, ಅದರ ಮೇಲೆ ಏನನ್ನು, ಎಷ್ಟು ಕಾಲ ಬಾಳುವಂತೆ ಕಟ್ಟಲು ಅನುಮತಿಯಿದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಕೊನೆಗೆ ಆ ಸೂರಿನ ಗುಣವನ್ನು ನಿರ್ಧರಿಸುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಲೆಕ್ಕದಂತೆ 2024ರ ಕೊನೆಯಲ್ಲಿ ಜಗತ್ತಿನಲ್ಲಿ 12.3 ಕೋಟಿಗೂ ಹೆಚ್ಚು ಜನ ಬಲವಂತವಾಗಿ ನೆಲೆ ತಪ್ಪಿದವರಾಗಿದ್ದರು. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ಕಡೆ, ಬಾಂಗ್ಲಾದೇಶದ ಆಗ್ನೇಯ ತುದಿಯ ಕಾಕ್ಸ್ ಬಜಾರ್ ಜಿಲ್ಲೆಯ ಗುಡ್ಡಗಳ ಮೇಲೆ, ಬಿದಿರು ಮತ್ತು ತಾಡಪಾಲಿನ ಗುಡಿಸಲುಗಳಲ್ಲಿ ಬದುಕುತ್ತಿದ್ದಾರೆ. ತುರ್ತು ಆಶ್ರಯವೆಂಬ ಕೆಲಸದ ಬಲ ಮತ್ತು ಮಿತಿಗಳೆರಡನ್ನೂ ಅಲ್ಲಿಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ಬೇರೊಂದಿಲ್ಲ.

ಅಲ್ಲಿರುವವರು ರೋಹಿಂಗ್ಯಾ ಜನ. ಮ್ಯಾನ್ಮಾರ್ ದೇಶದ ಪಶ್ಚಿಮ ಕರಾವಳಿಯ ರಖೈನ್ ಪ್ರಾಂತ್ಯದ ಮುಸ್ಲಿಮರು. ಆ ದೇಶ 1982ರಲ್ಲಿ ತಂದ ಪೌರತ್ವ ಕಾಯಿದೆ ಅವರಲ್ಲಿ ಬಹುತೇಕರನ್ನು ನಾಗರಿಕರೆಂದು ಒಪ್ಪದೆ ಹೊರಗಿಟ್ಟಿತು. ಅದಕ್ಕೆ ಮೊದಲೇ, 1978ರಲ್ಲಿ, ಸುಮಾರು ಎರಡು ಲಕ್ಷ ಮಂದಿ ಗಡಿಯ ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಓಡಿಬಂದಿದ್ದರು. 1991 ಮತ್ತು 1992ರಲ್ಲಿ ಇನ್ನೂ ಎರಡೂವರೆ ಲಕ್ಷದಷ್ಟು ಜನ ಬಂದರು. ಎರಡು ಸಲವೂ ಹೆಚ್ಚಿನವರನ್ನು ಹಿಂದಕ್ಕೆ ಕಳುಹಿಸಲಾಯಿತಾದರೂ ಉಳಿದವರಿಗಾಗಿ ಕುಟುಪಾಲಾಂಗ್ ಮತ್ತು ನಯಾಪಾರಾ ಎಂಬ ಎರಡು ಸಣ್ಣ ಶಿಬಿರಗಳು ಮುಂದುವರಿದವು. 2017ರ ಆಗಸ್ಟ್ 25ರಂದು ಒಂದು ರೋಹಿಂಗ್ಯಾ ಸಶಸ್ತ್ರ ಗುಂಪು ರಖೈನಿನ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸಿದ ಬಳಿಕ ಮ್ಯಾನ್ಮಾರ್ ಸೇನೆ ಆರಂಭಿಸಿದ ಕಾರ್ಯಾಚರಣೆಯಲ್ಲಿ ಊರಿಗೆ ಊರೇ ಸುಟ್ಟುಹೋದವು, ಸಾವಿರಾರು ಜನ ಸತ್ತರು. ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿದರು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಜನ ಒಂದೇ ಜಿಲ್ಲೆಯೊಳಕ್ಕೆ ಬಂದ ಉದಾಹರಣೆ ಇತ್ತೀಚಿನ ದಶಕಗಳಲ್ಲಿ ಬಹಳ ವಿರಳ.

ಆ ಮೊದಲ ವಾರಗಳಲ್ಲಿ ಸೂರು ಕಟ್ಟಿದವರು ಬಂದವರೇ. ಗಡಿಯ ಪಟ್ಟಣವಾದ ಟೆಕ್ನಾಫ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕೂತವರು, ಕೈಯಲ್ಲಿ ಉಳಿದಿದ್ದ ಹಣ ಅಥವಾ ಮೂಗುತಿ, ಬಳೆ ಕೊಟ್ಟು ಸ್ಥಳೀಯ ವ್ಯಾಪಾರಿಗಳಿಂದ ಬಿದಿರ ಗಳವನ್ನೂ ತೆಳುವಾದ ಕಪ್ಪು ಪಾಲಿಥೀನ್ ಹಾಳೆಯನ್ನೂ ಕೊಂಡು, ಹಳೆಯ ಕುಟುಪಾಲಾಂಗ್ ಶಿಬಿರದ ಸುತ್ತಲಿನ ಅರಣ್ಯದ ಗುಡ್ಡಗಳನ್ನು ಹತ್ತಿ, ಗುದ್ದಲಿಯಿಂದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿನ ಮೇಲೂ ಒಂದೊಂದು ಗುಡಿಸಲು ನಿಲ್ಲಿಸಿದರು. ಸರ್ಕಾರ ಮೊದಲು 2,000 ಎಕರೆ, ಆಮೇಲೆ ಒಟ್ಟು 3,000 ಎಕರೆ ಅರಣ್ಯಭೂಮಿಯನ್ನು ಶಿಬಿರಕ್ಕೆಂದು ಗುರುತಿಸುವ ಹೊತ್ತಿಗೆ ಜನ ಆಗಲೇ ಅಲ್ಲಿ ನೆಲೆಯೂರಿದ್ದರು. ಹೀಗಾಗಿ ಸಾಮಾನ್ಯವಾಗಿ ಶಿಬಿರ ಯೋಜಕರು ಕಲಿತ ಕ್ರಮ, ಅಂದರೆ ಮೊದಲು ಜಾಗ ಆರಿಸಿ, ರಸ್ತೆ ಮತ್ತು ಚರಂಡಿ ಗೆರೆ ಎಳೆದು, ನೀರಿನ ಮೂಲ ಗುರುತಿಸಿ, ಕೊನೆಗೆ ಕುಟುಂಬಗಳಿಗೆ ಜಾಗ ಹಂಚುವ ಕ್ರಮ, ಇಲ್ಲಿ ಪೂರ್ತಿ ತಿರುಗುಮುರುಗಾಯಿತು. ಗುಡಿಸಲುಗಳು ಎದ್ದ ಮೇಲೆ ಅವುಗಳ ನಡುವೆ ರಸ್ತೆ, ಕಾಲುದಾರಿ, ಶೌಚಾಲಯಗಳನ್ನು ತೂರಿಸಬೇಕಾಯಿತು. ಶಿಬಿರದ ಒಳಗೆ ಮುಖ್ಯ ರಸ್ತೆಯನ್ನು ಹಾಕಿಕೊಟ್ಟದ್ದು ಬಾಂಗ್ಲಾದೇಶದ ಸೇನೆ. ಅದಿಲ್ಲದಿದ್ದರೆ ಒಳಭಾಗದ ಗುಡ್ಡಗಳಿಗೆ ಬಿದಿರನ್ನೂ ನೀರನ್ನೂ ತಲೆಹೊರೆಯಲ್ಲೇ ಸಾಗಿಸಬೇಕಾಗುತ್ತಿತ್ತು.

ಆ ಗುಡ್ಡಗಳು ಆನೆಗಳ ಹಾದಿಯಾಗಿದ್ದವು ಎಂಬುದು ಮೊದಲ ತಿಂಗಳುಗಳಲ್ಲಿಯೇ ಕಹಿಯಾಗಿ ಗೊತ್ತಾಯಿತು. ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ನಡುವೆ ಓಡಾಡುವ ಏಷ್ಯಾದ ಕಾಡಾನೆಗಳ ದಾರಿಗೆ ಶಿಬಿರ ಅಡ್ಡಲಾಗಿ ಬಿದ್ದಿತ್ತು. 2018ರ ಆರಂಭದ ಹೊತ್ತಿಗೆ ಆನೆಗಳ ಕಾಲಿಗೆ ಸಿಕ್ಕಿ ಸತ್ತ ನಿರಾಶ್ರಿತರ ಸಂಖ್ಯೆ 10 ದಾಟಿತ್ತು. ಕೊಡಗು, ಹಾಸನದ ಅಂಚಿನ ಊರುಗಳವರಿಗೆ ಇದರ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ. ತಾಡಪಾಲಿನ ಗೋಡೆಯ ಆಚೆ ಆನೆ ನಿಂತಾಗ ಒಳಗಿನವರಿಗೆ ಅದು ಗೋಡೆಯೇ ಅಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮತ್ತು ನಿರಾಶ್ರಿತರ ಹೈಕಮಿಷನರ್ ಕಚೇರಿ ಸೇರಿ ಶಿಬಿರದ ಅಂಚಿನಲ್ಲಿ ಕಾವಲು ಗೋಪುರಗಳನ್ನು ನಿಲ್ಲಿಸಿ, ನಿರಾಶ್ರಿತರೊಳಗಿಂದಲೇ ಸ್ವಯಂಸೇವಕರ ತಂಡಗಳನ್ನು ತಯಾರು ಮಾಡಿ, ಆನೆ ಬಂದಾಗ ಜನರನ್ನು ದೂರವಿರಿಸಿ ಅದನ್ನು ಕಾಡಿನ ಕಡೆಗೆ ತಿರುಗಿಸುವ ತರಬೇತಿ ಕೊಟ್ಟ ಮೇಲೆ ಸಾವುಗಳು ತಗ್ಗಿದವು.

ನೆರವು ಸಂಸ್ಥೆಗಳು ಆಶ್ರಯವೆಂದು ಏನನ್ನು ತರುತ್ತವೆ ಎಂದು ಕೇಳಿದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಡೇರೆ. ಕುಟುಂಬವೊಂದಕ್ಕೆಂದು ತಯಾರಾದ ಡೇರೆಯ ಒಳಗೆ ಸಾಮಾನ್ಯವಾಗಿ 16 ಚದರ ಮೀಟರ್ ಜಾಗವಿರುತ್ತದೆ. ಬಿಸಿಲು, ಗಾಳಿಗಳಿಗೆ ಒಡ್ಡಿಕೊಂಡ ಬಟ್ಟೆ ಹೆಚ್ಚೆಂದರೆ ಒಂದೆರಡು ವರ್ಷ ಬಾಳುತ್ತದೆ. ಅದಕ್ಕೆ ಸಮತಟ್ಟಾದ ನೆಲ ಬೇಕು, ಸುತ್ತಲೂ ಹಗ್ಗ ಎಳೆದು ಗೂಟ ಹೊಡೆಯಲು ಜಾಗ ಬೇಕು. ಕಾಕ್ಸ್ ಬಜಾರಿನ ಕಡಿದಾದ, ಇಕ್ಕಟ್ಟಾದ ಗುಡ್ಡಗಳಲ್ಲಿ ಎರಡೂ ಇರಲಿಲ್ಲ. ಹಾಗಾಗಿ ಅಲ್ಲಿಗೆ ಹೊಂದಿದ್ದು ತಾಡಪಾಲು. ನೆರವಿನ ತಾಡಪಾಲೆಂದರೆ ಪೇಟೆಯಲ್ಲಿ ಸಿಗುವ ಯಾವುದೋ ಪ್ಲಾಸ್ಟಿಕ್ ಹಾಳೆಯಲ್ಲ. ಗಟ್ಟಿ ಪಾಲಿಥೀನಿನ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎರಡೂ ಬದಿಗೆ ಮೆದು ಪಾಲಿಥೀನಿನ ಲೇಪ ಹಾಕಿ, ಹಗ್ಗ ಕಟ್ಟುವ ಜಾಗಗಳಲ್ಲಿ ಹರಿಯದಂತೆ ಪಟ್ಟಿಗಳಿಂದ ಬಲಪಡಿಸಿದ, 4 ಮೀಟರ್ ಅಗಲ ಹಾಗೂ 5 ಅಥವಾ 6 ಮೀಟರ್ ಉದ್ದದ ಹಾಳೆ ಅದು. ರೆಡ್‌ಕ್ರಾಸ್, ಗಡಿಯಿಲ್ಲದ ವೈದ್ಯರ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೂಡಿ ಅದರ ನೇಯ್ಗೆ, ತೂಕ, ಬಿಸಿಲಿಗೆ ತಡೆಯುವ ಶಕ್ತಿ ಎಲ್ಲಕ್ಕೂ ಒಂದು ಅಳತೆಗೋಲು ಹಾಕಿಕೊಂಡಿವೆ. ಮಡಿಸಿದರೆ ಒಬ್ಬರು ಹೊರಬಹುದಾದಷ್ಟು ಚಿಕ್ಕದಾಗುವ, ಮಾಡಿಗೂ ಗೋಡೆಗೂ ನೆಲಕ್ಕೂ ಒದಗುವ ಈ ಹಾಳೆ ಜಗತ್ತಿನ ಎಷ್ಟೋ ಲಕ್ಷ ಕುಟುಂಬಗಳ ಮೊದಲ ಸೂರಾಗಿದೆ.

ವಸ್ತುವಿನ ಕಡೆಗೇ ನೋಡುತ್ತಿದ್ದ ನೆರವಿನ ಜಗತ್ತನ್ನು ಬೇರೆ ದಾರಿಗೆ ತಿರುಗಿಸಲು 1970ರ ದಶಕದಲ್ಲಿಯೇ ಇಬ್ಬರು ಶ್ರಮಿಸಿದ್ದರು. ಅಮೆರಿಕದ ಫ್ರೆಡರಿಕ್ ಕೂನಿ ಎಂಬವರು, ಸೇನಾ ಶಿಬಿರದ ಮಾದರಿಯಲ್ಲಿ ಸಾಲು ಸಾಲಾಗಿ ಡೇರೆ ಹೂಡುವ ಪದ್ಧತಿಯನ್ನು ಬಿಟ್ಟು, ನಿಕರಾಗುವಾ ದೇಶದ ಮನಾಗುವಾ ನಗರದ 1972ರ ಭೂಕಂಪದ ಸಂತ್ರಸ್ತರಿಗಾಗಿ ಕೊಯೊಟೆಪೆ ಎಂಬಲ್ಲಿ ಡೇರೆಗಳನ್ನು ಗುಂಪು ಗುಂಪಾಗಿ, ನಡುವೆ ಎಲ್ಲರಿಗೂ ಸೇರಿದ ಅಂಗಳ ಬರುವಂತೆ ಹೊಂದಿಸಿದರು. ಅಡುಗೆ, ಮಕ್ಕಳ ಆಟ ಮತ್ತು ನೆರೆಹೊರೆಯ ಮಾತುಕತೆಗೆ ಆ ಅಂಗಳವೇ ಆಸರೆಯಾಯಿತು. ಬ್ರಿಟನ್ನಿನ ಇಯಾನ್ ಡೇವಿಸ್ 1978ರಲ್ಲಿ ಪ್ರಕಟಿಸಿದ ಪುಸ್ತಕ ಮತ್ತು ಅದರ ಹಾದಿಯಲ್ಲೇ ವಿಶ್ವಸಂಸ್ಥೆ 1982ರಲ್ಲಿ ಹೊರತಂದ ಮಾರ್ಗದರ್ಶಿಗಳು ಒಂದು ಮಾತನ್ನು ಒತ್ತಿ ಹೇಳಿದವು: ವಿಪತ್ತಿನ ನಂತರ ಸೂರು ಕಟ್ಟುವವರಲ್ಲಿ ಮೊದಲಿಗರು ಸಂತ್ರಸ್ತರೇ, ಅವರ ಬಂಧುಗಳೇ, ಹೊರಗಿನವರ ಕೆಲಸ ಅವರ ಕೈಗೆ ಬಲ ಕೊಡುವುದು. ಆಶ್ರಯವನ್ನು ಒಮ್ಮೆ ಕೊಟ್ಟು ಮುಗಿಸುವ ಸಾಮಾನಾಗಿ ನೋಡದೆ ಹಂತ ಹಂತವಾಗಿ ಬೆಳೆಯುವ ಕ್ರಿಯೆಯಾಗಿ ನೋಡಬೇಕೆಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು. ರುವಾಂಡಾದಲ್ಲಿ 1994ರ ನರಮೇಧದ ಬಳಿಕ ನಿರಾಶ್ರಿತರಿಗೆ ಪ್ಲಾಸ್ಟಿಕ್ ಹಾಳೆ ಹಂಚಿದಾಗ ಅವರು ಚೌಕಟ್ಟಿಗಾಗಿ ಮರ ಕಡಿದರು. ಮರ ಉಳಿಸಲೆಂದು ಅಲ್ಯೂಮಿನಿಯಂ ಕೊಳವೆ ಕೊಟ್ಟರೆ ಅದಕ್ಕೆ ಬೆಲೆ ಇದ್ದುದರಿಂದ ಅದನ್ನು ಮಾರಿ ಮತ್ತೆ ಮರವನ್ನೇ ಕಡಿದರು. ಜಪಾನಿನ ವಾಸ್ತುಶಿಲ್ಪಿ ಶಿಗೇರು ಬಾನ್ ಅಲ್ಲಿ ಕಾಗದದ ಕೊಳವೆಗಳ ಚೌಕಟ್ಟನ್ನು ರೂಪಿಸಿದ್ದು ಆ ಅನುಭವದಿಂದಲೇ. ಬಡವರ ಮನೆಯ ಲೆಕ್ಕಾಚಾರ ತಿಳಿಯದೆ ಕೊಟ್ಟ ಯಾವ ಉತ್ತಮ ವಸ್ತುವೂ ಉದ್ದೇಶಿಸಿದ ಕೆಲಸಕ್ಕೆ ಬರುವುದಿಲ್ಲ.

ಎಷ್ಟು ಜಾಗವಿದ್ದರೆ ಮನುಷ್ಯ ಮನುಷ್ಯನಂತೆ ಬದುಕಬಹುದು ಎಂಬುದಕ್ಕೂ ಒಂದು ಲೆಕ್ಕವಿದೆ. ಹಲವು ನೆರವು ಸಂಸ್ಥೆಗಳು 1997ರಲ್ಲಿ ಒಂದಾಗಿ ಆರಂಭಿಸಿದ, ಸ್ಫಿಯರ್ ಎಂದು ಹೆಸರಾದ ಕನಿಷ್ಠ ಮಾನದಂಡಗಳ ಪ್ರಕಾರ ಪ್ರತಿಯೊಬ್ಬರಿಗೂ ಸೂರಿನ ಕೆಳಗೆ ಕನಿಷ್ಠ 3.5 ಚದರ ಮೀಟರ್ ವಾಸದ ಜಾಗ ಸಿಗಬೇಕು, ಇದರಲ್ಲಿ ಅಡುಗೆ ಮತ್ತು ಸ್ನಾನದ ಜಾಗ ಸೇರಿಲ್ಲ. ಇಡೀ ಶಿಬಿರವನ್ನು ಲೆಕ್ಕ ಹಾಕಿದರೆ ರಸ್ತೆ, ಶಾಲೆ, ಆಸ್ಪತ್ರೆ, ಚರಂಡಿ ಎಲ್ಲವೂ ಸೇರಿ ತಲೆಗೆ 45 ಚದರ ಮೀಟರ್ ಇರಬೇಕು. ಎರಡು ಸೂರುಗಳ ನಡುವೆ ಕನಿಷ್ಠ 2 ಮೀಟರ್ ಅಂತರ ಬೇಕು, ಪ್ರತಿ 300 ಮೀಟರಿಗೆ ಒಮ್ಮೆ 30 ಮೀಟರ್ ಅಗಲದ ಬಯಲು ಬಿಟ್ಟು ಬೆಂಕಿ ಹರಡದಂತೆ ತಡೆಯಬೇಕು, ನೆಲದ ಇಳಿಜಾರು ನೂರಕ್ಕೆ ಐದನ್ನು ಮೀರಬಾರದು, ದಿನಕ್ಕೆ ತಲೆಗೆ 15 ಲೀಟರ್ ನೀರು ಇರಬೇಕು. ಕುಟುಪಾಲಾಂಗ್‌ನ ಹೊಸ ಶಿಬಿರ ಪ್ರದೇಶದಲ್ಲಿ 2018ರಲ್ಲಿ ಒಬ್ಬರಿಗೆ ಸರಾಸರಿ ಸಿಗುತ್ತಿದ್ದ ಬಳಕೆಯೋಗ್ಯ ಜಾಗ 10.7 ಚದರ ಮೀಟರ್, ಅಂದರೆ ಇರಬೇಕಾದುದರ ಕಾಲು ಭಾಗವೂ ಅಲ್ಲ. ಈ ಒಂದು ಅಂಕಿ ಮುಂದಿನ ಎಲ್ಲ ಸಂಕಟಗಳಿಗೂ ಮೂಲ. ಮಳೆಯಲ್ಲಿ ಜರಿಯುವ ಇಳಿಜಾರಿನಲ್ಲಿ ಜನ ಕಟ್ಟಿಕೊಂಡದ್ದು, ಶೌಚಗುಂಡಿಯ ಪಕ್ಕದಲ್ಲೇ ಕೊಳವೆಬಾವಿ ಬಂದದ್ದು, ಒಂದು ಸೂರಿನ ಕಿಡಿ ಸಾವಿರ ಸೂರನ್ನು ಸುಟ್ಟದ್ದು ಎಲ್ಲವೂ ಜಾಗದ ಕೊರತೆಯಿಂದಲೇ ಹುಟ್ಟಿದವು.

ಮೊದಲ ಹಂತದಲ್ಲಿ ಪ್ರತಿ ಕುಟುಂಬಕ್ಕೆ ತಾಡಪಾಲು ಮತ್ತು ಹಗ್ಗ, ಅದರ ಜೊತೆ ಅಥವಾ ನಂತರ ಬಿದಿರು ಸಿಕ್ಕಿತು. ಆಮೇಲೆ ಬಂದದ್ದು ಸುಧಾರಣಾ ಸಾಮಗ್ರಿ ಎಂಬ ಗಂಟು: ಕಂಬಗಳಿಗಾಗಿ ಕೆಲವು ದಪ್ಪ ಬಿದಿರು, ಚೌಕಟ್ಟು ಮತ್ತು ತಟ್ಟಿಗಳಿಗಾಗಿ ಹತ್ತಾರು ತೆಳು ಬಿದಿರು, ಹೆಚ್ಚಿನ ತಾಡಪಾಲು, ಹಗ್ಗ, ತಂತಿ, ಮಣ್ಣು ತುಂಬುವ ಚೀಲ, ಕೆಲವು ಹತಾರಗಳು. ಅವುಗಳ ಜೊತೆಗೆ ಗಂಟು ಹೇಗೆ ಹಾಕಬೇಕು, ಓರೆ ಆಧಾರಗಳನ್ನು ಎಲ್ಲಿ ಕೊಡಬೇಕು, ಗಾಳಿಗೆ ಮಾಡು ಹಾರದಂತೆ ಕೆಳಗೆ ಹೇಗೆ ಬಿಗಿಯಬೇಕು ಎಂಬ ತರಬೇತಿಯನ್ನೂ ಕೊಡಲಾಯಿತು. ವಯಸ್ಸಾದವರು, ಅಂಗವಿಕಲರು, ಗಂಡಸರಿಲ್ಲದ ಮನೆಗಳವರಿಗೆ ಕಟ್ಟಿಕೊಡಲು ನಿರಾಶ್ರಿತರಲ್ಲಿಯೇ ಕೂಲಿ ತಂಡಗಳು ತಯಾರಾದವು. ಒಂದು ಹಳ್ಳಿಯ ಬಡಗಿಗೆ ತಲೆಮಾರುಗಳಿಂದ ಗೊತ್ತಿರುವ ಸಂಗತಿಗಳೇ ಇವೆಲ್ಲ. ಆದರೆ ಒಂದೇ ವರ್ಷದಲ್ಲಿ ಸುಮಾರು ಎರಡು ಲಕ್ಷ ಮನೆಗಳಿಗೆ ಅದನ್ನು ಮುಟ್ಟಿಸಬೇಕಾದಾಗ ಬಿದಿರಿನ ಒಂದೊಂದು ಗುಣವೂ ದೊಡ್ಡ ಪ್ರಶ್ನೆಯಾಗಿ ಬೆಳೆಯುತ್ತದೆ.

ಅಲ್ಲಿ ಬಳಕೆಯಾದದ್ದು ಎರಡು ಬಗೆಯ ಬಿದಿರು. ಬರಾಕ್ ಎಂಬುದು ದಪ್ಪ ಗೋಡೆಯ, ಭಾರ ಹೊರುವ ಜಾತಿ. ಮೂಲಿ ಎಂಬುದು ತೆಳುವಾದ, ನೇರವಾಗಿ ಬೆಳೆಯುವ, ಚಿತ್ತಗಾಂಗ್ ಗುಡ್ಡಗಾಡಿನಿಂದ ಮಿಜೋರಾಂವರೆಗೆ ಹಬ್ಬಿದ ಜಾತಿ. ಒಮ್ಮೆಲೆ ಬೇಡಿಕೆ ಏರಿದಾಗ ಬಲಿಯದ ಎಳೆ ಬಿದಿರನ್ನೂ ಕಡಿದು ಲಾರಿಗಳಲ್ಲಿ ತುಂಬಿ ಕಳುಹಿಸಲಾಯಿತು. ಬಿದಿರು ಬಲಿಯಲು ಮೂರು ವರ್ಷವಾದರೂ ಬೇಕು. ಎಳೆಯದರಲ್ಲಿ ಪಿಷ್ಟ ಹೆಚ್ಚು, ಬಲ ಕಡಿಮೆ, ಆ ಪಿಷ್ಟವೇ ಕುಟ್ಟೆ ಹುಳದ ಆಹಾರ. ಹುಳು ಒಳಗಿನಿಂದ ಕೊರೆದು ಹಿಟ್ಟು ಮಾಡುತ್ತದೆ, ಹೊರಗಿನಿಂದ ಗಳ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಒಂದು ದಿನ ಗಾಳಿ ಬೀಸಿದಾಗ ಮುರಿಯುತ್ತದೆ. ಇದರ ಜೊತೆಗೆ ನೆಲದಲ್ಲಿ ಹೂಳಿದ ಬುಡ ತೇವಕ್ಕೆ ಕೊಳೆಯುತ್ತದೆ. ಸಂಸ್ಕರಿಸದ ಬಿದಿರಿನಿಂದ ಕಟ್ಟಿದ ಗುಡಿಸಲುಗಳು ಒಂದೆರಡು ವರ್ಷದಲ್ಲಿಯೇ ಸೋತುಹೋದವು. ಮತ್ತೆ ಬಿದಿರು ಕೊಳ್ಳುವುದು, ಮತ್ತೆ ಕಟ್ಟುವುದು ವರ್ಷ ವರ್ಷದ ಕೆಲಸವಾಯಿತು. ಮಲೆನಾಡಿನಲ್ಲಿ ಕಡಿದ ಬಿದಿರನ್ನು ಹಳ್ಳದಲ್ಲೋ ಕೆರೆಯಲ್ಲೋ ವಾರಗಟ್ಟಲೆ ನೆನೆಹಾಕಿ ಒಣಗಿಸಿದ ಮೇಲೆ ಬಳಸುವ ರೂಢಿಯ ಹಿಂದಿರುವುದೂ ಇದೇ ತಿಳಿವಳಿಕೆ, ನೀರು ಪಿಷ್ಟವನ್ನು ಕರಗಿಸಿ ಹೊರಹಾಕುತ್ತದೆ.

ಶಿಬಿರಗಳಲ್ಲಿ ಅಷ್ಟು ಕಾಯಲು ಸಮಯವೂ ನೀರೂ ಇಲ್ಲದ್ದರಿಂದ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಮತ್ತಿತರರು ಬೋರಾನ್ ಸಂಸ್ಕರಣೆಯ ಘಟಕಗಳನ್ನು ಅಲ್ಲಿಯೇ ಸ್ಥಾಪಿಸಿದರು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ, ಬಿದಿರಿನ ಒಳಗಿನ ಗಿಣ್ಣುಗಳ ತಡೆಯನ್ನು ಉದ್ದನೆಯ ಸಲಾಕೆಯಿಂದ ಕೊರೆದು, ಗಳಗಳನ್ನು ದ್ರಾವಣದ ತೊಟ್ಟಿಯಲ್ಲಿ ಹಲವು ದಿನ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸುತ್ತಾರೆ. ಮನುಷ್ಯರಿಗೆ ಹೆಚ್ಚು ಅಪಾಯ ತರದ ಈ ಲವಣ ಹುಳುವಿಗೆ ವಿಷ. ಆದರೆ ಅದು ನೀರಿನಲ್ಲಿ ಕರಗಿ ತೊಳೆದುಹೋಗುವಂಥದು, ಆದುದರಿಂದ ಸಂಸ್ಕರಿಸಿದ ಬಿದಿರನ್ನು ಮಳೆಗೂ ಮಣ್ಣಿಗೂ ಒಡ್ಡದಂತೆ ಕಟ್ಟಬೇಕು. ಮಾಡಿನ ಅಂಚನ್ನು ಹೊರಚಾಚುವುದು, ಕಂಬದ ಬುಡವನ್ನು ನೆಲಕ್ಕೆ ತಾಗಿಸದೆ ಕಬ್ಬಿಣದ ಅಥವಾ ಕಾಂಕ್ರೀಟಿನ ಸಣ್ಣ ಕಾಲುಗಳ ಮೇಲೆ ನಿಲ್ಲಿಸುವುದು ಹೀಗೆ ರೂಢಿಗೆ ಬಂದವು. ಈ ಕಾಲುಗಳಿಗಾದರೂ ಒಪ್ಪಿಗೆ ದೊರೆತದ್ದು ದೊಡ್ಡ ಗೆಲುವೇ. ಏಕೆಂದರೆ ಇಟ್ಟಿಗೆ, ಸಿಮೆಂಟ್, ಉಕ್ಕಿನಂಥ ಶಾಶ್ವತ ಸಾಮಗ್ರಿಯಿಂದ ನಿರಾಶ್ರಿತರ ಮನೆ ಕಟ್ಟಲು ಬಾಂಗ್ಲಾದೇಶ ಸರ್ಕಾರ ಅವಕಾಶ ಕೊಟ್ಟಿಲ್ಲ.

ಕಾಕ್ಸ್ ಬಜಾರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್ ಮೀರುತ್ತದೆ, ಹೆಚ್ಚುಕಡಿಮೆ ಮಂಗಳೂರಿನ ಮಳೆಯಷ್ಟೇ. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ಸುರಿಯುತ್ತದೆ. ಮರ ಕಡಿದು, ಉರುವಲಿಗಾಗಿ ಬೇರನ್ನೂ ಕಿತ್ತ ಮರಳು ಮಿಶ್ರಿತ ಗುಡ್ಡಕ್ಕೆ ಅಷ್ಟು ಮಳೆ ಬಿದ್ದರೆ ಏನಾಗುವುದೆಂಬ ಭಯ 2018ರ ಆರಂಭದಿಂದಲೇ ಎಲ್ಲರನ್ನೂ ಕಾಡುತ್ತಿತ್ತು. ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು ಕೂಡಿ ಭಾರಿ ಯಂತ್ರಗಳನ್ನು ತರಿಸಿ ಗುಡ್ಡಗಳ ತಲೆಯನ್ನು ತಗ್ಗಿಸಿದವು, ಚರಂಡಿ ತೋಡಿದವು, ಕುಸಿಯುವ ಅಂಚಿನಲ್ಲಿದ್ದ ಸಾವಿರಾರು ಕುಟುಂಬಗಳನ್ನು ಬೇರೆಡೆಗೆ ಸರಿಸಿದವು. ಬಿದಿರು ಮತ್ತು ಮಣ್ಣಿನ ಚೀಲಗಳ ತಡೆಗೋಡೆಗಳ ಜೊತೆಗೆ ಇಳಿಜಾರುಗಳಲ್ಲಿ ಲಾವಂಚವನ್ನು ನೆಡಲಾಯಿತು. ಆಳಕ್ಕೆ ನೇರವಾಗಿ ಇಳಿಯುವ ಅದರ ಬೇರು ಮಣ್ಣನ್ನು ಹಿಡಿದಿಡುತ್ತದೆ. ಇಷ್ಟಾದರೂ 2021ರ ಜುಲೈ 27ರಿಂದ ಒಂದು ದಿನದೊಳಗೆ 300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಾಗ ಭೂಕುಸಿತ ಮತ್ತು ನೆರೆಯಲ್ಲಿ ಆರು ಮಂದಿ ಸತ್ತರು, ಸಾವಿರಾರು ಸೂರುಗಳಿಗೆ ಹಾನಿಯಾಯಿತು. 2023ರ ಮೇ 14ರಂದು ಮೋಖಾ ಚಂಡಮಾರುತ ಅಪ್ಪಳಿಸಿತು. ಚಂಡಮಾರುತ ಬಂದರೆ ಬಾಂಗ್ಲಾದೇಶದ ಕರಾವಳಿಯ ಹಳ್ಳಿಗಳವರು ಓಡಿಹೋಗಲು ಕಾಂಕ್ರೀಟಿನ ರಕ್ಷಣಾ ಕಟ್ಟಡಗಳಿವೆ, ಆ ವ್ಯವಸ್ಥೆಗಾಗಿ ಆ ದೇಶವನ್ನು ಜಗತ್ತೇ ಮೆಚ್ಚುತ್ತದೆ. ಶಿಬಿರದ ಲಕ್ಷಾಂತರ ಜನರಿಗೆ ಸಾಕಾಗುವಷ್ಟು ಗಟ್ಟಿ ಕಟ್ಟಡಗಳು ಅಲ್ಲಿ ಇಲ್ಲ.

ಸೂರಿನ ಒಳಗಿನ ಬದುಕನ್ನು ಅಂಕಿಅಂಶಗಳು ಸರಿಯಾಗಿ ಹೇಳುವುದಿಲ್ಲ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಮಾಡಿನ ಕೆಳಗೆ ಹಗಲು ಕುಳಿತುಕೊಳ್ಳಲಾಗದಷ್ಟು ಸೆಕೆ. ಪರದೆಯ ಪದ್ಧತಿಯಲ್ಲಿ ಬೆಳೆದ ರೋಹಿಂಗ್ಯಾ ಹೆಂಗಸರಿಗೆ ಹೊರಗೆ ಹೋಗುವುದೂ ಕಷ್ಟ; ಸಾಮೂಹಿಕ ಸ್ನಾನಗೃಹಗಳು ದೂರವೂ ಬೆಳಕಿಲ್ಲದವೂ ಆಗಿದ್ದಾಗ ಅವರು ಗುಡಿಸಲಿನ ಮೂಲೆಯಲ್ಲಿಯೇ ತಟ್ಟಿ ಕಟ್ಟಿ ಸ್ನಾನದ ಜಾಗ ಮಾಡಿಕೊಂಡರು, ಆ ನೀರು ಪಕ್ಕದ ಮನೆಯ ಅಡಿಪಾಯಕ್ಕೆ ಹರಿಯಿತು. ರಾತ್ರಿ ಶೌಚಕ್ಕೆ ಹೋಗದಿರಲು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟವರೂ ಇದ್ದರು. ಇಂಥ ಸಂಗತಿಗಳನ್ನು ಕೇಳಿ ತಿಳಿದ ಬಳಿಕವೇ ಬಾಗಿಲಿಗೆ ಚಿಲಕ, ಒಳಗೊಂದು ಅಡ್ಡಗೋಡೆ, ಸೌರದೀಪ, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಎಂಬುವು ಆಶ್ರಯದ ಭಾಗವಾಗಿ ಪರಿಗಣಿತವಾದವು. ಹದಿಹರೆಯದ ಮಗಳು ಬಟ್ಟೆ ಬದಲಿಸಲು ಮರೆಯಿಲ್ಲದ ಕಡೆ ಇಡೀ ಕುಟುಂಬದ ಮಾನವೇ ಬಯಲಲ್ಲಿ ನಿಂತಿರುತ್ತದೆ ಎಂಬುದನ್ನು ಯೋಜಕರು ಮೊದಲ ದಿನವೇ ನೆನಪಿಡಬೇಕಿತ್ತು.

ಒಲೆಯ ಪ್ರಶ್ನೆಯೂ ಸೂರಿನ ಪ್ರಶ್ನೆಯೇ. ಮೊದಲ ವರ್ಷ ಅಡುಗೆಗೆ ಸೌದೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸುತ್ತಲಿನ ಕಾಡು ದಿನದಿನಕ್ಕೂ ಹಿಂದೆ ಸರಿಯಿತು, ಸೌದೆಗಾಗಿ ದೂರ ಹೋದ ಹೆಂಗಸರು ಮತ್ತು ಮಕ್ಕಳು ಅಪಾಯಕ್ಕೆ ಸಿಕ್ಕರು, ಸ್ಥಳೀಯರೊಂದಿಗೆ ಜಗಳಗಳಾದವು, ಗುಡಿಸಲೊಳಗೆ ಹೊಗೆ ತುಂಬಿತು. 2018ರ ಆಗಸ್ಟ್‌ನಿಂದ ಅಡುಗೆ ಅನಿಲದ ಸಿಲಿಂಡರುಗಳನ್ನು ನಿರಾಶ್ರಿತರಿಗೂ ಸುತ್ತಲಿನ ಕೆಲವು ಬಡ ಕುಟುಂಬಗಳಿಗೂ ಹಂಚಲು ಆರಂಭಿಸಿದ ಮೇಲೆ ಸೌದೆಯ ಬಳಕೆ ಗಣನೀಯವಾಗಿ ಇಳಿದು, ಬೋಳಾಗಿದ್ದ ಇಳಿಜಾರುಗಳಲ್ಲಿ ಮತ್ತೆ ಹಸಿರು ಕಾಣಿಸಿಕೊಂಡಿತು. ಇಡೀ ನೆರವಿನ ಕಾರ್ಯದಲ್ಲಿ ಇಷ್ಟು ಬೇಗ, ಇಷ್ಟು ಕಡೆ ಒಳಿತು ಮಾಡಿದ ಹೆಜ್ಜೆ ಇನ್ನೊಂದಿರಲಾರದು.

ಬೆಂಕಿಯ ಅಪಾಯ ಮಾತ್ರ ಹೋಗಲಿಲ್ಲ. ಬಿದಿರು ಮತ್ತು ಪ್ಲಾಸ್ಟಿಕ್ ಎರಡೂ ಹೊತ್ತಿಕೊಳ್ಳುವ ವಸ್ತುಗಳು. ನಡುವೆ ಎರಡು ಮೀಟರ್ ಇರಬೇಕಾದ ಜಾಗದಲ್ಲಿ ಒಂದು ಗುಡಿಸಲಿನ ಮಾಡು ಇನ್ನೊಂದರ ಮಾಡನ್ನು ಮುಟ್ಟುತ್ತದೆ. 2021ರ ಮಾರ್ಚ್ 22ರಂದು ಶಿಬಿರದ ಬಾಲೂಖಾಲಿ ಭಾಗದಲ್ಲಿ ಹೊತ್ತಿದ ಬೆಂಕಿ ಗಾಳಿಗೆ ಹಬ್ಬಿ ಕೆಲವೇ ಗಂಟೆಗಳಲ್ಲಿ ಸುಮಾರು 10,000 ಸೂರುಗಳನ್ನು ಬೂದಿ ಮಾಡಿತು. 10ಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 45,000 ಜನ ಎರಡನೆಯ ಬಾರಿ ನಿರಾಶ್ರಿತರಾದರು. ಭದ್ರತೆಗೆಂದು ಶಿಬಿರದ ಸುತ್ತ ಹಾಕಿದ್ದ ಮುಳ್ಳುತಂತಿಯ ಬೇಲಿ ಓಡುವವರಿಗೆ ಅಡ್ಡಿಯಾಯಿತೆಂದು ಮಾನವ ಹಕ್ಕು ಸಂಘಟನೆಗಳು ದೂರಿದವು. 2023ರ ಮಾರ್ಚ್‌ನಲ್ಲಿ ಮತ್ತೆ ಸುಮಾರು 2,000 ಸೂರುಗಳು ಸುಟ್ಟು 12,000 ಜನ ಬಯಲಿಗೆ ಬಿದ್ದರು. ಪ್ರತಿ ಸಲವೂ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಅದೇ ಬಿದಿರು ಮತ್ತು ತಾಡಪಾಲಿನಿಂದ ಗುಡಿಸಲುಗಳು ಏಳುತ್ತವೆ. ಅಂತರ ಬಿಟ್ಟು ಕಟ್ಟಬೇಕೆಂದು ತಿಳಿಯದವರು ಅಲ್ಲಿ ಯಾರೂ ಇಲ್ಲ; ಬಿಟ್ಟರೆ ಪ್ರತಿ ಸಾಲಿನಿಂದ ಹೊರಬೀಳುವ ಕುಟುಂಬಗಳನ್ನು ಎಲ್ಲಿ ಕೂರಿಸುವುದೆಂಬುದಕ್ಕೆ ಉತ್ತರವಿಲ್ಲ.

ಬಾಂಗ್ಲಾದೇಶದ ನಿಲುವನ್ನು ಕೇವಲ ನಿಷ್ಠುರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತನ್ನದೇ ಜನಸಾಂದ್ರತೆಯಿಂದ ಬಳಲುವ, 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತದಂತೆಯೇ ಸಹಿ ಹಾಕದ ಆ ದೇಶ ಗಡಿ ತೆರೆದು ಏಳು ಲಕ್ಷ ಜನರ ಜೀವ ಉಳಿಸಿತು; ಶ್ರೀಮಂತ ದೇಶಗಳು ಅದರ ಅಲ್ಪಭಾಗಕ್ಕೂ ಬಾಗಿಲು ಮುಚ್ಚಿದ ಕಾಲ ಅದು. ಗಟ್ಟಿ ಮನೆ ಕಟ್ಟಲು ಬಿಟ್ಟರೆ ಅವರು ಮರಳುವುದೇ ಇಲ್ಲ, ಮರಳಿ ಕರೆಸಿಕೊಳ್ಳಬೇಕಾದ ಮ್ಯಾನ್ಮಾರ್‌ನ ಹೊಣೆ ಜಾರಿಹೋಗುತ್ತದೆ ಎಂಬುದು ಢಾಕಾದ ವಾದ. ಆದರೆ ಗುಡಿಸಲು ದುರ್ಬಲವಾಗಿದೆಯೆಂಬ ಕಾರಣಕ್ಕೆ ಯಾವ ಕುಟುಂಬವೂ ಕೊಲೆಯ ಭಯವಿರುವ ಊರಿಗೆ ಹಿಂದಿರುಗಿಲ್ಲ. 2018 ಮತ್ತು 2019ರಲ್ಲಿ ನಡೆದ ಮರಳಿ ಕಳುಹಿಸುವ ಪ್ರಯತ್ನಗಳಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಬದಲಿಗೆ ಪ್ರತಿ ವರ್ಷ ಕೊಳೆಯುವ ಬಿದಿರಿಗೆ, ಹರಿಯುವ ತಾಡಪಾಲಿಗೆ ದಾನಿಗಳ ಹಣ ಮತ್ತೆ ಮತ್ತೆ ಖರ್ಚಾಗುತ್ತದೆ. ಗಟ್ಟಿಯಾದ ಆಶ್ರಯವನ್ನು ಕಟ್ಟಲು ಸರ್ಕಾರಕ್ಕೆ ಸಾಧ್ಯವೆಂಬುದಕ್ಕೆ ಮೇಘನಾ ನದಿಯ ಮುಖಜದ ಭಾಸನ್ ಚರ್ ದ್ವೀಪವೇ ಸಾಕ್ಷಿ. ನೌಕಾಪಡೆ ಅಲ್ಲಿ ಒಂದು ಲಕ್ಷ ಜನರಿಗೆಂದು ಕಾಂಕ್ರೀಟಿನ ವಸತಿ ಸಮುಚ್ಚಯಗಳನ್ನೂ ಚಂಡಮಾರುತ ತಡೆಯುವ ಕಟ್ಟಡಗಳನ್ನೂ ಕಟ್ಟಿತು. 2020ರ ಡಿಸೆಂಬರ್‌ನಿಂದ ಆರಂಭವಾದ ಸ್ಥಳಾಂತರದಲ್ಲಿ ಸುಮಾರು 30,000 ಮಂದಿ ಹೋದರು. ಸಮುದ್ರದ ಹೂಳಿನಿಂದ ಇತ್ತೀಚೆಗಷ್ಟೇ ಎದ್ದ, ಬಿಟ್ಟು ಬರಲು ಸ್ವಾತಂತ್ರ್ಯವಿಲ್ಲದ ಆ ದ್ವೀಪದ ಗಟ್ಟಿ ಗೋಡೆಗಳನ್ನು ಉಳಿದವರು ಬಯಸಲಿಲ್ಲ. ಬಂಧುಗಳು, ಪೇಟೆ ಮತ್ತು ತಾಯ್ನಾಡಿನ ಗಡಿ ಹತ್ತಿರವಿರುವ ಬಿದಿರ ಗುಡಿಸಲನ್ನೇ ಅವರು ಆರಿಸಿಕೊಂಡರು.

ಇದಕ್ಕಿಂತ ಬೇರೆಯಾದ ದಾರಿಯೂ ಇದೆ ಎಂಬುದು ಕನ್ನಡನಾಡಿಗೆ ಹೊಸ ಸಂಗತಿಯಲ್ಲ. ಟಿಬೆಟ್‌ನಿಂದ ಓಡಿಬಂದವರಿಗಾಗಿ ಅಂದಿನ ಮೈಸೂರು ರಾಜ್ಯ 1960ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. ಕುಟುಪಾಲಾಂಗ್ ಶಿಬಿರಕ್ಕೆ ಗುರುತಿಸಿದ ಭೂಮಿಯೂ ಅಷ್ಟೇ ವಿಸ್ತಾರದ್ದು ಎಂಬುದನ್ನು ಇಲ್ಲಿ ಗಮನಿಸಬೇಕು, ಆದರೆ ಬೈಲಕುಪ್ಪೆಗೆ ಬಂದವರು ಕೆಲವೇ ಸಾವಿರ ಮಂದಿ. ಅವರೂ ಮೊದಲು ಡೇರೆ ಮತ್ತು ಬಿದಿರ ಗುಡಿಸಲುಗಳಲ್ಲಿಯೇ ಇದ್ದು, ಕಾಡು ಕಡಿದು, ಸೆಕೆ ಮತ್ತು ರೋಗಗಳಿಗೆ ಅನೇಕರನ್ನು ಕಳೆದುಕೊಂಡರು. ಆದರೆ ಉಳಲು ಹೊಲ, ಕಟ್ಟಲು ಅನುಮತಿ, ಓಡಾಡಲು ಸ್ವಾತಂತ್ರ್ಯ ಇದ್ದುದರಿಂದ ಡೇರೆ ಹೆಂಚಿನ ಮನೆಯಾಯಿತು, ಮುಸುಕಿನ ಜೋಳದ ಬೆಳೆ ಬಂತು, ಸಹಕಾರ ಸಂಘ, ಶಾಲೆ ಮತ್ತು ಮಠಗಳು ಎದ್ದವು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ಅಂಥ ನೆಲೆಗಳಾದವು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ ಕ್ಯಾಂಪುಗಳು ಇಂದು ಆ ಸೀಮೆಯ ಸಾಮಾನ್ಯ ಹಳ್ಳಿಗಳಂತೆಯೇ ಇವೆ. ಟಿಬೆಟಿಯನ್ನರು ಇಂದಿಗೂ ತಮ್ಮ ನಾಡಿಗೆ ಮರಳುವ ಆಸೆಯನ್ನು ಬಿಟ್ಟಿಲ್ಲ. ಗಟ್ಟಿ ಮನೆ ಆ ಆಸೆಯನ್ನು ಕೊಂದಿಲ್ಲ.

ಕರ್ನಾಟಕದೊಳಗಿನ ವಿಪತ್ತುಗಳಲ್ಲಿಯೂ ಕಷ್ಟ ಶುರುವಾಗುವುದು ಮೊದಲ ರಾತ್ರಿಯ ನಂತರವೇ. ಕೃಷ್ಣಾ, ಮಲಪ್ರಭೆಯರ ನೆರೆಯಲ್ಲಿ ಅಥವಾ 2018ರ ಕೊಡಗಿನ ಭೂಕುಸಿತದಲ್ಲಿ ಶಾಲೆ, ಸಮುದಾಯ ಭವನಗಳು ಕಾಳಜಿ ಕೇಂದ್ರಗಳಾಗಿ ಬದಲಾಗಿ ಮೊದಲ ವಾರಗಳ ಆಶ್ರಯ ಒದಗುತ್ತದೆ, ಊಟಕ್ಕೂ ಕೊರತೆಯಾಗುವುದಿಲ್ಲ. ಶಾಲೆ ಮತ್ತೆ ತೆರೆಯಬೇಕಾದಾಗ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು, ಶೆಡ್ಡುಗಳಲ್ಲಿ ಎಷ್ಟು ಮಳೆಗಾಲ ಕಳೆಯಬೇಕು ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಆದರೂ ಅವರು ನಾಗರಿಕರು, ಮತ ಹಾಕುವವರು, ಕಚೇರಿಯ ಮುಂದೆ ಧರಣಿ ಕೂರಬಲ್ಲವರು. ಕುಟುಪಾಲಾಂಗ್‌ನವರಿಗೆ ಆ ಹಕ್ಕೂ ಇಲ್ಲ.

2024ರ ಆರಂಭದಿಂದ ರಖೈನಿನಲ್ಲಿ ಮ್ಯಾನ್ಮಾರ್ ಸೇನೆ ಮತ್ತು ಅರಾಕಾನ್ ಸೇನೆಯೆಂಬ ಸಶಸ್ತ್ರ ಪಡೆಯ ನಡುವೆ ನಡೆದ ಕಾಳಗದಿಂದಾಗಿ 2025ರ ಮಧ್ಯದ ಹೊತ್ತಿಗೆ ಇನ್ನೂ ಸುಮಾರು ಒಂದೂವರೆ ಲಕ್ಷ ರೋಹಿಂಗ್ಯಾ ಜನ ನಾಫ್ ದಾಟಿ ಅದೇ ಶಿಬಿರಗಳಿಗೆ ಬಂದರು. 24 ಚದರ ಕಿಲೋಮೀಟರ್ ಪ್ರದೇಶದಲ್ಲಿ ಈಗ 11 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಹೊಸಬರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ನೆರವಿನ ಹಣ ಕಡಿತವಾಗುತ್ತಿರುವ ಹೊತ್ತಿನಲ್ಲಿ, ಅವರ ಸೂರಿಗಾಗಿ ಬೇರೆ ಜಾಗ ಸಿಗದ ಕಾರಣ, ಬಹುತೇಕರು 2017ರಲ್ಲಿ ಬಂದ ಬಂಧುಗಳ ಗುಡಿಸಲುಗಳಲ್ಲಿಯೇ ಉಳಿದಿದ್ದಾರೆ. ಐದು ಜನರಿಗೆಂದು ಕಟ್ಟಿದ ಕಡೆ ಹತ್ತು ಜನ ಸರದಿಯ ಮೇಲೆ ಮಲಗುತ್ತಾರೆ.